ಮಫ್ಲರ್ ಸುತ್ತಿದ ಕಿವಿ

ಗೆಳೆಯರೆ, ನಾನು ಬರಹಗಾರ ಅಲ್ಲ. ಹಳಿ ಕಾಯುವವನು. ಈಗ ಕಲಬುರಗಿ ಜಿಲ್ಲೆಯ ವಾಡಿ ಸೀಮೆಯಲ್ಲಿ ರೈಲ್ವೆ ಗ್ಯಾಂಗಿನಲ್ಲಿದ್ದೇನೆ. ಅದಕ್ಕೆ ಮೊದಲು ಉತ್ತರ ಪ್ರದೇಶದಲ್ಲಿ ಎಂಟು ಚಳಿಗಾಲ ಕಳೆದು ಬಂದೆ. ಈ ಮಾತುಗಳನ್ನು 2017ರಲ್ಲೇ ಬರೆಯಬೇಕಿತ್ತು. ಆಗ ಬರೆಯಲಿಲ್ಲ. ಬೇರೆಯವರು ಬರೆದಿದ್ದ ಕಾಗದದ ಕೆಳಗೆ ಸಹಿ ಹಾಕಿದೆ. ಅದು ಎಂಥ ಕಾಗದ ಅನ್ನೋದು ಮುಂದೆ ಬರ್ತದೆ. ಅದು ಅರ್ಥ ಆಗಬೇಕಾದರೆ ಅಲ್ಲಿಯ ಥಂಡಿ ಎಂಥದು, ಆ ಥಂಡಿಯಲ್ಲಿ ರೈಲು ಹೇಗೆ ಓಡ್ತದೆ, ಅದು ಓಡೋದಕ್ಕೆ ಯಾರು ಯಾರು ಎದ್ದಿರಬೇಕು ಅನ್ನೋದನ್ನು ಮೊದಲು ಹೇಳಬೇಕು.

ಇಷ್ಟು ದಿನ ಬಿಟ್ಟು ಈಗ ಯಾಕೆ ಅಂತ ಕೇಳಬಹುದು. 2025ರ ಜೂನ್ 6ರಂದು ಕಾಶ್ಮೀರದ ವಂದೇ ಭಾರತ್ ರೈಲಿನ ಉದ್ಘಾಟನೆಯನ್ನು ಟೀವಿಯಲ್ಲಿ ನೋಡಿದೆ. ಚಿನಾಬ್ ನದಿಯ ಮೇಲೆ 359 ಮೀಟರ್ ಎತ್ತರದ ಸೇತುವೆ. ಅದನ್ನು ಕಟ್ಟಿದ ಕೈಗಳಿಗೆ ಶರಣು. ಆ ರೈಲಿನಲ್ಲಿ ಡ್ರೈವರನ ಮುಂದಿನ ಗಾಜಿನೊಳಗೇ ಹಿಮ ಕರಗಿಸುವ ಬಿಸಿ ಇದೆ. ನೀರಿನ ಟಾಂಕಿ ಹೆಪ್ಪುಗಟ್ಟದ ಹಾಗೆ ಬಿಸಿ ಇದೆ. ಪಾಯಖಾನೆಯ ಟಾಂಕಿಗೂ ಬಿಸಿ ಇದೆ. ರೈಲಿನ ಮುಂದೆ ಹಿಮ ತಳ್ಳುವ ಗಾಡಿ ಓಡಿಸುವ ಏರ್ಪಾಡು ಇದೆ. ಇವೆಲ್ಲ ಬೇಕಾದದ್ದೇ, ಬೇಡ ಅನ್ನೋನು ನಾನಲ್ಲ. ಆದರೆ ಪಾಯಖಾನೆಯ ಟಾಂಕಿಗೂ ಥಂಡಿ ಹತ್ತಬಾರದು ಅಂತ ಯೋಚಿಸಿದ ವ್ಯವಸ್ಥೆ, ಹಳಿಯ ಪಕ್ಕ ರಾತ್ರಿಯಿಡೀ ನಡೆಯುವ ಮನುಷ್ಯನ ಕಿವಿಯ ಬಗ್ಗೆ ಎಷ್ಟು ಯೋಚಿಸಿದೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ಕಡೆ ಥಂಡಿ ಅಂದರೆ ಎಳ್ಳಮಾಸಿಯ ಆಸುಪಾಸಿನ ಹದಿನೈದು ದಿನ. ಕೌದಿ ಹೊದ್ದುಕೊಂಡು ಮಲಗಿದರೆ ಮುಗೀತು. ನಮಗೆ ಗೊತ್ತಿರೋದು ಬಿಸಿಲು. ಅಪ್ಪ ಇದೇ ಸೀಮೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ. ಊರಲ್ಲಿ ನಮ್ಮದು ಹೊಲಗೇರಿ. ಗೌಡರ ಹೊಲದಲ್ಲಿ ದುಡಿದ ನಮ್ಮ ಮುತ್ಯಾನಿಗೆ ಕೂಲಿ ಇಷ್ಟೇ ಯಾಕೆ ಅಂತ ಕೇಳುವ ಬಾಯಿ ಇರಲಿಲ್ಲ. ಅಪ್ಪನಿಗೆ ಹಳಿ ಆ ಬಾಯಿ ಕೊಟ್ಟಿತು. 1974ರ ಮೇ 8ರಿಂದ 27ರವರೆಗೆ ದೇಶದ ರೈಲೆಲ್ಲ ನಿಲ್ಲಿಸಿದ ಮುಷ್ಕರ ಆಯಿತಲ್ಲ, ಆಗ ಅಪ್ಪ ಇನ್ನೂ ದಿನಗೂಲಿ. ಮುಷ್ಕರದ ಮುಂದಾಳು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ದುಡಿಮೆಗೆ ಎಂಟು ತಾಸಿನ ಮಿತಿ ಬೇಕು ಅನ್ನೋದು ಅವರ ಬೇಡಿಕೆಗಳಲ್ಲಿ ಒಂದು. ಆ ಇಪ್ಪತ್ತು ದಿನದ ಸುದ್ದಿಯನ್ನು ಅಪ್ಪ ಸಾಯೋವರೆಗೂ ಹಬ್ಬದ ಸುದ್ದಿಯ ಹಾಗೆ ಹೇಳ್ತಿದ್ದ.

ಗ್ರೂಪ್ ಡಿ ಪರೀಕ್ಷೆ ನನಗೆ ನಮ್ಮ ಕಡೆ ಪಾಸಾಗಲಿಲ್ಲ. ಉತ್ತರದ ಒಂದು ವಲಯಕ್ಕೆ ಅರ್ಜಿ ಹಾಕಿದ್ದೆ, ಅಲ್ಲಿ ಆಯಿತು. 2013ರ ನವೆಂಬರಿನಲ್ಲಿ ಹೊರಟೆ. ಅವ್ವ ಕೌದಿ ಸುತ್ತಿ ಕೊಟ್ಟಳು. ಅಪ್ಪ ಸ್ಟೇಷನ್ನಿಗೆ ಬಂದು ಒಂದೇ ಮಾತು ಹೇಳಿದ: "ನೋಡು ತಮ್ಮಾ, ಬಿಸಲಿಗಿ ಹಳಿ ಹಾವಿನ್ಹಂಗ ಹೊಳ್ಳತದ. ಥಂಡಿಗಿ ಕಡ್ಡಿ ಹಂಗ ಮುರೀತದ ಅಂತಾರ, ನಾ ನೋಡಿಲ್ಲ. ನೀ ನೋಡ್ತಿ. ಕಣ್ಣು ಮಂಜಿನಾಗ ಕೆಲಸಕ್ಕ ಬರಲ್ಲ. ಕಿವಿ ಜ್ವಾಪಾನ."

ಹೋದ ಮೇಲೆ ಡಿಸೆಂಬರಿನ ಮೂರನೇ ವಾರದಲ್ಲಿ ಮಂಜು ಇಳಿಯಿತು. ಅವರು ಅದಕ್ಕೆ ಕೊಹರಾ ಅಂತಾರೆ. ನಮ್ಮ ಮಡಿಕೇರಿ, ಆಗುಂಬೆಯ ಮಂಜು ಬೆಟ್ಟದ ಮೇಲೆ ಓಡಾಡ್ತದೆ. ಇದು ಓಡಾಡೋದಿಲ್ಲ. ಗಂಗಾ ಬಯಲಿನಲ್ಲಿ ಆಗ ಗೋಧಿಗೆ ನೀರು ಬಿಟ್ಟಿರ್ತಾರೆ, ನೆಲವೆಲ್ಲ ಹಸಿ. ಮೋಡ ಇಲ್ಲದ ರಾತ್ರಿ ಭೂಮಿಯ ಕಾವು ಆಕಾಶಕ್ಕೆ ಹೋಗಿಬಿಡ್ತದೆ, ಗಾಳಿ ಅಲುಗಾಡೋದಿಲ್ಲ. ನೆಲದ ಹತ್ತಿರದ ಹಸಿ ಗಾಳಿಯೇ ತಣ್ಣಗಾಗಿ ಮಂಜಾಗಿ ಅಲ್ಲೇ ಕೂತುಬಿಡ್ತದೆ. ಕೆಲವು ದಿನ ಮಧ್ಯಾಹ್ನದವರೆಗೂ ಏಳೋದಿಲ್ಲ. ಕೈ ಚಾಚಿದರೆ ಕೈಯಲ್ಲಿ ಹಿಡಿದ ಸುತ್ತಿಗೆಯ ತುದಿ ಕಾಣೋದಿಲ್ಲ. ರಾತ್ರಿಯ ಥಂಡಿ ಮೂರು ನಾಲ್ಕು ಡಿಗ್ರಿಗೆ ಇಳಿದಾಗ ಹಳಿಗೆ ಬರಿಗೈ ತಾಗಿದರೆ ಕೈ ಸುಟ್ಟ ಹಾಗೆ ಆಗ್ತದೆ.

ಇಂಥದರಲ್ಲಿ ರೈಲು ಓಡಬೇಕು. ಇದಕ್ಕೆ ಇಂಗ್ಲಿಷರ ಕಾಲದಿಂದ ಬಂದ ಒಂದು ಕ್ರಮ ಇದೆ. ಸ್ಟೇಷನ್ ಮಾಸ್ತರರು ನಿಲ್ಲುವ ಜಾಗದಿಂದ ಕಡಿಮೆ ಅಂದರೆ 180 ಮೀಟರ್ ದೂರದಲ್ಲಿ ಒಂದು ಗುರುತು ಇರ್ತದೆ. ಅದು ಕಾಣದೆ ಹೋದರೆ ಮಂಜು ದಟ್ಟ ಅಂತ ಲೆಕ್ಕ. ಆಗ ಮನುಷ್ಯರನ್ನು ಕಳಿಸ್ತಾರೆ. ಡ್ರೈವರನಿಗೆ ಮೊದಲು ಎದುರಾಗುವ ಸಿಗ್ನಲ್ಲಿಗಿಂತ 270 ಮೀಟರ್ ಆಚೆ, ಹಳಿಯ ಮೇಲೆ 10 ಮೀಟರ್ ಅಂತರದಲ್ಲಿ ಎರಡು ಪಟಾಕಿ ಕಟ್ಟಬೇಕು. ದೀಪಾವಳಿಯ ಪಟಾಕಿ ಅಲ್ಲ, ತಗಡಿನ ಬಿಲ್ಲೆ, ಒಳಗೆ ಮದ್ದು. ಇಂಜಿನ್ನಿನ ಗಾಲಿ ಹತ್ತಿದ ಕೂಡಲೇ ಢಂ ಅಂತದೆ. ಸಿಗ್ನಲ್ ಬಂತು, ಕಣ್ಣು ಬಿಡು ಅಂತ ಡ್ರೈವರನಿಗೆ ಅದರ ಅರ್ಥ. ತಗಡಿನ ಚೂರು ಹಾರಿ ಮೈಗೆ ಹೊಡೀಬಾರದು ಅಂತ ಕಟ್ಟಿದವನು 45 ಮೀಟರ್ ದೂರ ಸರಿದು ನಿಲ್ಲಬೇಕು. ರೈಲು ದಾಟಿದ ಮೇಲೆ ಮತ್ತೆ ಹೋಗಿ ಹೊಸದು ಕಟ್ಟಬೇಕು. ರಾತ್ರಿಯೆಲ್ಲ ಇದೇ. ಸಿಗ್ನಲ್ ಹತ್ತಿರ ಬಂತು ಅಂತ ಡ್ರೈವರನಿಗೆ ಗೊತ್ತಾಗಲಿ ಅಂತ ಹಳಿಗೆ ಅಡ್ಡಲಾಗಿ ಸುಣ್ಣ ಬಳಿಯೋದೂ ನಮ್ಮ ಕೆಲಸವೇ.

ಡ್ರೈವರನ ಕಷ್ಟ ಸಣ್ಣದು ಅಂತ ನಾನು ಹೇಳೋದಿಲ್ಲ. ಸಾವಿರ ಜನರನ್ನು ಹಿಂದೆ ಕಟ್ಟಿಕೊಂಡು ಬಿಳಿ ಗೋಡೆಯೊಳಗೆ ನುಗ್ಗಬೇಕು ಅವನು. 2010ರ ಜನವರಿ 2ರಂದು ಕಾನ್ಪುರದ ಪಂಕಿ ಹತ್ತಿರ ಮಂಜಿನಲ್ಲಿ ಗೋರಖ್‌ಧಾಮ್ ಎಕ್ಸ್‌ಪ್ರೆಸ್ ಹೋಗಿ ಪ್ರಯಾಗರಾಜ್ ಎಕ್ಸ್‌ಪ್ರೆಸ್ಸಿಗೆ ಹಿಂದಿನಿಂದ ಗುದ್ದಿತು. ಅದೇ ದಿನ ಇಟಾವಾ ಕಡೆಗೂ ಇಂಥದೇ ಆಯಿತು. ಆಮೇಲೆ ಇಂಜಿನ್ನಿನೊಳಗೆ ಇಡುವ ಒಂದು ಪೆಟ್ಟಿಗೆ ಬಂತು, ಫಾಗ್ ಪಾಸ್ ಅಂತ. ಆಕಾಶದ ಉಪಗ್ರಹದ ಲೆಕ್ಕ ಹಿಡಿದು ಮುಂದೆ ಸಿಗ್ನಲ್ ಬಂತು, ಗೇಟು ಬಂತು ಅಂತ ಕೂಗಿ ಹೇಳ್ತದೆ. ಅದು ಬಂದ ಮೇಲೆ ಮಂಜಿನಲ್ಲಿ ಗಂಟೆಗೆ 60 ಕಿಲೋಮೀಟರ್ ಇದ್ದ ವೇಗವನ್ನು 75ಕ್ಕೆ ಏರಿಸಿದರು. 2024ರ ಜನವರಿಯಲ್ಲಿ ಸರ್ಕಾರ ಕೊಟ್ಟ ಲೆಕ್ಕದಲ್ಲಿ ಇಂಥ ಪೆಟ್ಟಿಗೆ 19,742. ಡ್ರೈವರನಿಗೆ ಕಣ್ಣು ಬಂತು, ಸಂತೋಷ. ಆದರೆ ಆ ಪೆಟ್ಟಿಗೆಗೆ ಸಿಗ್ನಲ್ ಎಲ್ಲಿದೆ ಗೊತ್ತು, ಗೇಟು ಎಲ್ಲಿದೆ ಗೊತ್ತು. ಹಳಿಯ ಮೇಲೆ ಬಗ್ಗಿರುವ ಮನುಷ್ಯ ಎಲ್ಲಿದ್ದಾನೆ ಅನ್ನೋದು ಗೊತ್ತಿಲ್ಲ. ರೈಲಿನ ವೇಗ ಹೆಚ್ಚಾದದ್ದು ಅವನ ಪಾಲಿಗೆ ಓಡೋ ಹೊತ್ತು ಕಡಿಮೆ ಆದ ಹಾಗೆ.

ಮಂಜು ಒಂದು ಕಷ್ಟ. ಥಂಡಿ ಇನ್ನೊಂದು. ಅಪ್ಪನ ಕಾಲದಲ್ಲಿ 13 ಮೀಟರಿನ ಹಳಿ ತುಂಡುಗಳನ್ನು ಫಿಶ್‌ಪ್ಲೇಟು ಹಾಕಿ ಜೋಡಿಸ್ತಿದ್ದರು, ನಡುವೆ ಸಣ್ಣ ಸಂದು ಬಿಡ್ತಿದ್ದರು. ಹಳಿ ಉಬ್ಬಿದರೂ ಕುಗ್ಗಿದರೂ ಆ ಸಂದು ತಡಕೊಳ್ತಿತ್ತು. ಖಟಕ್ ಖಟಕ್ ಅಂತ ರೈಲು ಸಪ್ಪಳ ಮಾಡ್ತಿದ್ದದ್ದು ಆ ಸಂದಿನಿಂದಲೇ. ಈಗ ಕಿಲೋಮೀಟರುಗಟ್ಟಲೆ ಹಳಿಯನ್ನು ಬೆಸೆದು ಒಂದೇ ಮಾಡಿರ್ತಾರೆ. ಉಕ್ಕಿನ ಗುಣ ಏನು ಅಂದರೆ, ಒಂದು ಡಿಗ್ರಿ ಶಾಖ ಇಳಿದರೆ ಒಂದು ಕಿಲೋಮೀಟರ್ ಹಳಿ ಹನ್ನೊಂದೂವರೆ ಮಿಲಿಮೀಟರಿನಷ್ಟು ಕುಗ್ಗೋದಕ್ಕೆ ನೋಡ್ತದೆ. ಹಳಿ ಬಿಗಿದ ಹೊತ್ತಿನ ಶಾಖಕ್ಕಿಂತ 30 ಡಿಗ್ರಿ ಇಳಿದರೆ ಒಂದು ಅಡಿಗಿಂತ ಜಾಸ್ತಿ. ಆದರೆ ಸ್ಲೀಪರು, ಕ್ಲಿಪ್ಪು, ಖಡಿ ಎಲ್ಲ ಸೇರಿ ಅದನ್ನು ಬಿಗಿಹಿಡಿದಿರ್ತವೆ. ಕುಗ್ಗಲೂ ಆಗದು, ಬಿಡಲೂ ಆಗದು. ಒಳಗೊಳಗೇ ಜಗ್ಗಾಟ. ಎಲ್ಲಿ ಬೆಸುಗೆ ದುರ್ಬಲವೋ, ಎಲ್ಲಿ ಒಳಗೆ ಹಳೇ ಬಿರುಕು ಇದೆಯೋ ಅಲ್ಲಿ ರಾತ್ರಿ ಎರಡು ಮೂರು ಗಂಟೆಗೆ, ಥಂಡಿ ಹೆಚ್ಚಾದಾಗ, ಟಪ್ ಅಂತ ಬಿಡ್ತದೆ. ನಮ್ಮ ಓಣಿಯವರ ಬಾಳಿಗೂ ಇದಕ್ಕೂ ಹೋಲಿಕೆ ಇದೆ ಅಂತ ಆಗಾಗ ಅನಿಸಿದ್ದುಂಟು.

ಹಳಿ ಮುರಿದರೆ ಏನಾಗ್ತದೆ ಅನ್ನೋದಕ್ಕೆ ಪಂಜಾಬಿನ ಖನ್ನಾ ಒಂದು ಸಾಕ್ಷಿ. 1998ರ ನವೆಂಬರ್ 26ರ ನಸುಕಿನಲ್ಲಿ ಮುರಿದ ಹಳಿಯ ಮೇಲೆ ಫ್ರಾಂಟಿಯರ್ ಮೇಲಿನ ಡಬ್ಬಿಗಳು ಹಳಿ ತಪ್ಪಿ ಪಕ್ಕದ ಲೈನಿಗೆ ಬಿದ್ದವು. ಎದುರಿನಿಂದ ಬಂದ ಸಿಯಾಲ್ದಾ ಎಕ್ಸ್‌ಪ್ರೆಸ್ ಅವಕ್ಕೆ ಗುದ್ದಿತು. 200ಕ್ಕೂ ಹೆಚ್ಚು ಜನ ಸತ್ತರು. ನಮ್ಮ ಗ್ಯಾಂಗಿನ ಹಿರಿಯ ಕೀಮನ್ನು, ಅವನನ್ನು ಎಲ್ಲರೂ ಚಾಚಾ ಅಂತಿದ್ದೆವು, ಹೊಸ ಹುಡುಗರಿಗೆಲ್ಲ ಮೊದಲು ಈ ಕತೆ ಹೇಳ್ತಿದ್ದ. ಆಮೇಲೆ ಗಸ್ತಿಗೆ ಕರಕೊಂಡು ಹೋಗ್ತಿದ್ದ.

ಚಳಿಗಾಲದ ರಾತ್ರಿ ಗಸ್ತು ಅಂದರೆ ಇಬ್ಬರು ಜೊತೆಗೆ ನಡೆಯೋದು. ಒಂದು ರಾತ್ರಿಗೆ ಹದಿನೈದು ಇಪ್ಪತ್ತು ಕಿಲೋಮೀಟರ್. ಹೆಗಲಿಗೆ ಚೀಲ. ಅದರಲ್ಲಿ ಹತ್ತು ಪಟಾಕಿ, ಕೆಂಪು ಹಸಿರು ತೋರಿಸುವ ದೀಪ, ಸೀಟಿ, ಬೆಂಕಿಪೆಟ್ಟಿಗೆ, ಗಸ್ತಿನ ಪುಸ್ತಕ. ಕೈಯಲ್ಲಿ ಕೋಲು. ಕಾಲಡಿ ಖಡಿ ಮಂಜಿಗೆ ತೊಯ್ದು ಜಾರ್ತದೆ. ಎಲ್ಲಾದರೂ ಗೇಟಿನ ಗುಮಟಿ ಸಿಕ್ಕಿದರೆ ಐದು ನಿಮಿಷ ಇದ್ದಿಲು ಒಲೆಯ ಮುಂದೆ ಕೂರೋದು. ಬಾಗಿಲು ಪೂರ್ತಿ ಹಾಕಬೇಡ ಅಂತ ಚಾಚಾ ಪ್ರತಿ ಸಲ ಹೇಳ್ತಿದ್ದ. ಮುಚ್ಚಿದ ಗುಮಟಿಯಲ್ಲಿ ಇದ್ದಿಲ ಹೊಗೆಗೆ ಮಲಗಿದವರು ಮಲಗಿದ ಹಾಗೇ ಹೋಗಿಬಿಡ್ತಾರೆ.

2016ರ ಜನವರಿಯ ಒಂದು ರಾತ್ರಿ. ಮೂರು ಗಂಟೆ ಆಗಿರಬೇಕು. ಒಂದು ಗೂಡ್ಸ್ ನಮ್ಮನ್ನು ದಾಟಿ ಹೋಯಿತು. ಚಾಚಾ ಮಫ್ಲರ್ ಮೇಲಕ್ಕೆ ಸರಿಸಿ ಕಿವಿ ತೆರೆದು ನಿಂತ. "ಕೇಳಿದೆಯಾ ಬೇಟಾ?" ಅಂದ. ನನಗೆ ಏನೂ ಕೇಳಿರಲಿಲ್ಲ. ಮುಂದೆ ಎಲ್ಲೋ ಗಾಲಿ ಬೇರೆ ಥರ ಬಡೀತು ಅಂದ. ಇಬ್ಬರೂ ಬಗ್ಗಿ ದೀಪ ಹಿಡಿದು ಒಂದೊಂದೇ ಸ್ಲೀಪರ್ ನೋಡ್ತಾ ಹೋದೆವು. ಅರ್ಧ ಫರ್ಲಾಂಗು ಹೋದ ಮೇಲೆ ಸಿಕ್ಕಿತು. ಬೆಸುಗೆಯ ಜಾಗದಲ್ಲಿ ಹಳಿ ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು. ಸಂದಿನಲ್ಲಿ ನನ್ನ ಎರಡು ಬೆರಳು ಹಿಡೀತು.

ಕೆಲವು ಕಡೆ ಹಳಿ ತುಂಡಾದರೆ ಅದರಲ್ಲಿ ಹರಿಯುವ ಕರೆಂಟು ಕಡಿದು ಸಿಗ್ನಲ್ ತಾನಾಗೇ ಕೆಂಪಾಗ್ತದೆ. ಎಲ್ಲ ಸಲವೂ ಆಗೋದಿಲ್ಲ. ಚಾಚಾ ಫೋನಿನಲ್ಲಿ ಸ್ಟೇಷನ್ ಮಾಸ್ತರರನ್ನು ಹಿಡಿಯೋ ಹೊತ್ತಿಗೆ ಒಂದು ಎಕ್ಸ್‌ಪ್ರೆಸ್ ಹಿಂದಿನ ಸ್ಟೇಷನ್ ದಾಟಿ ಆಗಿತ್ತು. "ಓಡು" ಅಂದ. ಅವನು ಅಲ್ಲೇ ಕೆಂಪು ದೀಪ ಹಿಡಿದು ನಿಂತ. ನಾನು ರೈಲು ಬರುವ ದಿಕ್ಕಿಗೆ ಓಡಿದೆ. 600 ಮೀಟರಿಗೆ ಒಂದು ಪಟಾಕಿ, 1200 ಮೀಟರಿಗೆ ಹತ್ತು ಹತ್ತು ಮೀಟರ್ ಬಿಟ್ಟು ಮೂರು ಪಟಾಕಿ. ಪುಸ್ತಕದಲ್ಲಿ ಇದು ಒಂದು ಸಾಲು. ಮಂಜಿನಲ್ಲಿ, ಖಡಿಯ ಮೇಲೆ, ಮರಗಟ್ಟಿದ ಕಾಲಲ್ಲಿ 1200 ಮೀಟರ್ ಓಡೋದು ಒಂದು ಸಾಲಿನ ಮಾತಲ್ಲ. ಮೂರನೇ ಪಟಾಕಿ ಕಟ್ಟುವಾಗ ಬೆರಳು ಮಾತು ಕೇಳಲಿಲ್ಲ. ಹಲ್ಲಿನಿಂದ ತಗಡಿನ ಪಟ್ಟಿ ಬಗ್ಗಿಸಿದೆ. ಸರಿದು ನಿಂತು ದೀಪ ಅಲ್ಲಾಡಿಸ್ತಾ ಇದ್ದೆ. ಢಂ, ಢಂ, ಢಂ. ಬ್ರೇಕಿನ ಕಿರುಚಾಟ ಮೈಲಿಗಟ್ಟಲೆ ಕೇಳಿರಬೇಕು. ರೈಲು ಚಾಚಾನ ದೀಪ ಕಾಣುವಷ್ಟು ದೂರದಲ್ಲಿ ನಿಂತಿತು. ಡ್ರೈವರ್ ಇಳಿದು ಬಂದು, ಮಾತಾಡದೆ ಚಾಚಾನ ಎರಡೂ ಕೈ ಹಿಡಿದ. ಅಷ್ಟರಲ್ಲಿ ಒಂದು ಡಬ್ಬಿಯ ಬಾಗಿಲಿನಿಂದ ಯಾರೋ ಕೂಗಿದರು: ಯಾಕಯ್ಯಾ ನಿಲ್ಲಿಸಿದ್ದೀರಿ, ಮೊದಲೇ ಒಂಬತ್ತು ತಾಸು ತಡ ಆಗಿದೆ!

ನಿಜ ಮುಚ್ಚಿಡಬಾರದು. ಚಾಚಾನಿಗೆ ಇಲಾಖೆಯಿಂದ ಒಂದು ಪ್ರಶಸ್ತಿ ಪತ್ರ ಬಂತು. ಓದಲು ಬಾರದ ಚಾಚಾ ಅದನ್ನು ಗ್ಯಾಂಗಿನ ಕೋಣೆಯಲ್ಲಿ ಬಾಬಾಸಾಹೇಬರ ಪಟದ ಕೆಳಗೆ ಅಂಟಿಸಿದ.

ಆ ಕೋಣೆಯ ಬಗ್ಗೆಯೂ ಹೇಳಬೇಕು. ನಮ್ಮ ಗ್ಯಾಂಗಿನಲ್ಲಿ ಜಾಟವರು, ಪಾಸಿಗಳು, ಕೋರಿಗಳು ಹೆಚ್ಚು. ಪರೀಕ್ಷೆ ಬರೆದು ಬಂದ ಮೇಲ್ಜಾತಿಯ ಹುಡುಗರೂ ಇದ್ದರು. ಅವರು ಬಹಳ ದಿನ ಹಳಿಯ ಮೇಲೆ ಉಳೀತಿರಲಿಲ್ಲ. ಆಫೀಸು, ಸ್ಟೋರು, ಎಲ್ಲಾದರೂ ಒಂದು ಕುರ್ಚಿ ಅವರಿಗೆ ಸಿಗ್ತಿತ್ತು. ನಾನು ಕಂಡದ್ದು ಇದು. ರಾತ್ರಿ ಎರಡು ಗಂಟೆಗೆ ಎಲ್ಲರೂ ಒಂದೇ ಬೆಂಕಿಗೆ ಕೈ ಹಿಡೀತಿದ್ದೆವು. ಬೆಳಗಾದರೆ ಮೇಟ್ ತನ್ನ ಚಹಾದ ಗ್ಲಾಸನ್ನು ತನ್ನ ಚೀಲದಿಂದ ತೆಗೀತಿದ್ದ. ಥಂಡಿ ಮರೆಸಿದ್ದನ್ನು ಚಹಾ ನೆನಪಿಸ್ತಿತ್ತು. ಇಲಾಖೆ ಕೊಡಬೇಕಾದ ಜಾಕೀಟು ಆ ವರ್ಷ ನಮ್ಮ ಕೈಗೆ ಬಂದದ್ದು ಫೆಬ್ರವರಿಯ ಕೊನೆಗೆ, ಚಳಿ ಮುಗಿದ ಮೇಲೆ.

ಹಾಗಾಗಿ ಎಲ್ಲರಿಗೂ ಮಫ್ಲರೇ ಗತಿ. ಇಲ್ಲೇ ಇರೋದು ಸಂಕಟ. ಕಿವಿ ಮುಚ್ಚಿದರೆ ರೈಲು ಕೇಳಿಸೋದಿಲ್ಲ. ತೆರೆದರೆ ಹತ್ತು ನಿಮಿಷಕ್ಕೆ ತಲೆಯೊಳಗೆ ಮೊಳೆ ಹೊಡೆದ ಹಾಗೆ ನೋವು. ಹಗಲಲ್ಲಾದರೆ ಯಾವ ರೈಲು ಎಷ್ಟು ಹೊತ್ತಿಗೆ ಬರ್ತದೆ ಅನ್ನೋದು ಗ್ಯಾಂಗಿನವನಿಗೆ ಬಾಯಿಪಾಠ. ಮಂಜಿನಲ್ಲಿ ಆ ಪಾಠ ಕೆಲಸಕ್ಕೆ ಬರೋದಿಲ್ಲ. ನಿನ್ನೆ ರಾತ್ರಿಯ ರೈಲು ಇವತ್ತು ಬೆಳಿಗ್ಗೆ ಬರ್ತದೆ, ಬೆಳಗಿನದು ಸಂಜೆಗೆ. ಕರೆಂಟಿನ ಇಂಜಿನ್ನಿಗೆ ಸಪ್ಪಳವೂ ಕಡಿಮೆ. ಅದಕ್ಕೇ ನಿಯಮದಲ್ಲಿ ಲುಕ್‌ಔಟ್‌ಮನ್ ಅಂತ ಒಬ್ಬ ಇರಬೇಕು. ಬೇರೆ ಕೆಲಸ ಮಾಡದೆ ಬರೀ ರೈಲು ನೋಡ್ತಾ, ಕೇಳ್ತಾ, ಸೀಟಿ ಊದೋನು. ಬಗ್ಗಿ ದುಡಿಯುವವರ ಪಾಲಿನ ಕಿವಿ ಅವನು.

2017ರ ಜನವರಿ. ಬೆಳಿಗ್ಗೆ ಏಳೂವರೆ. ಹಿಂದಿನ ರಾತ್ರಿ ಬಿರುಕು ಬಿಟ್ಟಿದ್ದ ಒಂದು ಜಾಗಕ್ಕೆ ತಾತ್ಕಾಲಿಕ ಪ್ಲೇಟು ಹಾಕಿ ಶಿಕಂಜಿ ಬಿಗಿದಿದ್ದರು. ಅದನ್ನು ಮತ್ತೆ ಬಿಗಿ ಮಾಡಬೇಕಿತ್ತು. ಬೇಗ ಮುಗಿಸಿ, ರೈಲು ನಿಂತಾವೆ ಅಂತ ಮೇಲಿನಿಂದ ಒತ್ತಾಯ. ಪುಸ್ತಕದಲ್ಲಿ ಗ್ಯಾಂಗಿಗೆ ಎಷ್ಟು ಜನ ಇದ್ದರೋ ಅದರ ಅರ್ಧವೂ ಅಲ್ಲಿರಲಿಲ್ಲ. ಇಬ್ಬರು ಪಟಾಕಿ ಡ್ಯೂಟಿಗೆ ಹೋಗಿದ್ದರು. ಇಬ್ಬರಿಗೆ ಜ್ವರ. ಲುಕ್‌ಔಟ್‌ಗೆ ನಿಲ್ಲಬೇಕಾದವನು ಸಾಹೇಬರೊಬ್ಬರ ಬಂಗಲೆಯಲ್ಲಿ ಹೂಕುಂಡಕ್ಕೆ ನೀರು ಹಾಕ್ತಿದ್ದ. ಇದು ತಮಾಷೆಗೆ ಹೇಳಿದ್ದಲ್ಲ. ಆರು ತಿಂಗಳಿಂದ ಅವನ ಹಾಜರಿ ಗ್ಯಾಂಗಿನಲ್ಲಿ, ದುಡಿಮೆ ಬಂಗಲೆಯಲ್ಲಿ.

ನನ್ನ ಜೊತೆ ಸ್ಪ್ಯಾನರ್ ಹಿಡಿದಿದ್ದವನು ನನ್ನ ಗೆಳೆಯ. ಪಾಸಿ ಜಾತಿಯ ಹುಡುಗ. ಎಂ.ಎ. ಓದಿ ಹಳಿಗೆ ಬಂದವನು. ನನಗೆ ಹಿಂದಿ ಕಲಿಸಿದವನು. ಅವನ ಹೆಸರು ಬರೆಯೋದಿಲ್ಲ, ಅವನ ಮನೆಯವಳು ಇವತ್ತಿಗೂ ಅದೇ ಇಲಾಖೆಯ ಅನ್ನ ತಿನ್ನಬೇಕಾಗಿದೆ. ಅವನ ಕಿವಿಗೆ ಅವಳೇ ಹೆಣೆದ ಮಫ್ಲರ್ ಇತ್ತು.

ಅಪ್ ಲೈನಿನಲ್ಲಿ ಗೂಡ್ಸ್ ಬಂತು. ನಾವೆಲ್ಲ ಅಂಚಿಗೆ ಸರಿದೆವು. ಅವನು ಆ ಕಡೆ ಸರಿದ, ಡೌನ್ ಲೈನಿನ ಮೇಲೆ. ಗೂಡ್ಸಿನ ಐವತ್ತೆಂಟು ವ್ಯಾಗನ್ನಿನ ಸದ್ದು ತಲೆ ತುಂಬಿತ್ತು. ಹಿಂದಿನ ರಾತ್ರಿ ಹನ್ನೊಂದಕ್ಕೆ ಹೋಗಿರಬೇಕಾದ ಎಕ್ಸ್‌ಪ್ರೆಸ್ ಮಂಜಿನೊಳಗಿಂದ ಡೌನ್ ಲೈನಿನಲ್ಲಿ ಬಂತು. ಅದರ ದೀಪ ಕಂಡಾಗ ಅದು ಅವನ ಹತ್ತಿರವೇ ಇತ್ತು. ನಾನು ಕೂಗಿದೆನೋ ಇಲ್ಲವೋ ಈಗ ನನಗೆ ನೆನಪಿಲ್ಲ. ಕೂಗಿದ್ದೆ ಅಂತ ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ರೈಲು ನಿಲ್ಲಲಿಲ್ಲ. ಡ್ರೈವರನಿಗೆ ಏನು ಕಂಡಿರಬೇಕು? ಮಫ್ಲರ್ ದೂರದಲ್ಲಿ ಸಿಕ್ಕಿತು.

ಮೂರನೇ ದಿನ ನನ್ನನ್ನು ಕರೆದು ಒಂದು ಕಾಗದ ಮುಂದಿಟ್ಟರು. ಹಿಂದಿಯಲ್ಲಿ ಟೈಪು ಮಾಡಿದ್ದು. ಅದರ ಸಾರ ಮೂರು ಮಾತು. ಲುಕ್‌ಔಟ್‌ಮನ್ ನೇಮಿಸಲಾಗಿತ್ತು. ಸೀಟಿ ಊದಲಾಯಿತು. ಮೃತನು ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದ ಕಾರಣ ಕೇಳಿಸಿಕೊಳ್ಳಲಿಲ್ಲ. ಎರಡು ಸುಳ್ಳು, ಒಂದು ನಿಜ. ಆ ನಿಜವನ್ನು ಎರಡು ಸುಳ್ಳಿನ ಚಾಕರಿಗೆ ಹಚ್ಚಿದ್ದರು. ಓದಿದೆ. ಅವನೇ ಕಲಿಸಿದ ಹಿಂದಿಯಲ್ಲಿ ಓದಿದೆ. ನಿನ್ನ ವರ್ಗಾವಣೆಯ ಅರ್ಜಿ ನಮ್ಮ ಟೇಬಲ್ಲಿನ ಮೇಲೇ ಇದೆ ಅಂತ ಒಬ್ಬರು ಮೆತ್ತಗೆ ಹೇಳಿದರು. ಊರಲ್ಲಿ ಅಪ್ಪನಿಗೆ ಲಕ್ವಾ ಹೊಡೆದಿತ್ತು. ಸಹಿ ಹಾಕಿದೆ.

ಅದೇ ಕಾಗದವನ್ನು ಚಾಚಾನ ಮುಂದೆ ಇಟ್ಟು ಹೆಬ್ಬೆಟ್ಟು ಕೇಳಿದರು. ಚಾಚಾ ಅಂದ: "ನನಗೆ ಓದು ಬರೋದಿಲ್ಲ ಸಾಹೇಬ. ಏನು ಬರೆದಿದೆ ಗೊತ್ತಿಲ್ಲದೆ ಹ್ಯಾಗೆ ಒತ್ತಲಿ? ಓದಿ ಹೇಳಿ." ಓದಿ ಹೇಳಿದರು. "ಇದು ಹಾಗೆ ಆಗಲಿಲ್ಲವಲ್ಲ" ಅಂದು ಎದ್ದು ಬಂದ. ಅವನ ಎರಡು ತಿಂಗಳ ರಜೆ ಹಿಡಿದಿಟ್ಟರು, ದೂರದ ಬೀಟಿಗೆ ಹಾಕಿದರು. ನಡೆದ. ನಿವೃತ್ತಿ ಆಗುವವರೆಗೂ ನಡೆದ. ನನಗೆ ಒಂದು ಬಿರುಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಓದಿ ಅಂತ ಬಾಬಾಸಾಹೇಬರು ನಮಗೆ ಹೇಳಿದರು. ಓದಿದ ನಾನು ಸಹಿ ಹಾಕಿದೆ. ಓದದ ಚಾಚಾ ಹಾಕಲಿಲ್ಲ. ಈ ಪತ್ರಿಕೆ ಓದುವ ವಿದ್ಯಾರ್ಥಿಗಳು, ಮೇಷ್ಟ್ರುಗಳು ಇದನ್ನು ಯೋಚಿಸಬೇಕು. ನಾನು ಇವತ್ತಿಗೂ ಯೋಚಿಸ್ತಿದ್ದೇನೆ.

ಅದೇ ವರ್ಷದ ಅಕ್ಟೋಬರಿನಲ್ಲಿ ಪೇಪರಿನಲ್ಲಿ ಸುದ್ದಿ ಬಂತು. ಅಧಿಕಾರಿಗಳ ಮನೆಗಳಲ್ಲಿ ದುಡಿಯುತ್ತಿರುವ ಗ್ಯಾಂಗಿನವರನ್ನೆಲ್ಲ ಹಳಿಗೆ ವಾಪಸು ಕಳಿಸಬೇಕು ಅಂತ ರೈಲ್ವೆ ಮಂಡಳಿಯೇ ಹೇಳಿತು. ಅಂದರೆ ಅದು ನಮ್ಮ ಒಂದು ಸೆಕ್ಷನ್ನಿನ ರೋಗ ಆಗಿರಲಿಲ್ಲ. ಆ ಆದೇಶ ಒಂಬತ್ತು ತಿಂಗಳು ಮೊದಲು ಬಂದಿದ್ದರೆ ಹೂಕುಂಡ ಒಣಗ್ತಿತ್ತು, ಗೆಳೆಯ ಉಳೀತಿದ್ದ. ವಿಜ್ಞಾನಿ ಅನಿಲ್ ಕಾಕೋಡ್ಕರ್ ಅವರ ಸಮಿತಿ 2012ರಲ್ಲಿ ಕೊಟ್ಟ ವರದಿಯನ್ನು ನಾನು ಆಮೇಲೆ ಹುಡುಕಿ ಓದಿದೆ. 2007ರಿಂದ 2011ರ ಅಕ್ಟೋಬರಿನವರೆಗೆ ಡ್ಯೂಟಿಯ ಮೇಲೆ ಸತ್ತ ರೈಲ್ವೆ ನೌಕರರು ಸುಮಾರು 1,600 ಅಂತ ಅದರಲ್ಲಿದೆ. ರೈಲು ಗುದ್ದಿ ಪ್ರಯಾಣಿಕರು ಸತ್ತರೆ ಮಂತ್ರಿ ಬರ್ತಾರೆ. ಗ್ಯಾಂಗಿನವನು ಸತ್ತರೆ ಕಾಗದ ಬರ್ತದೆ.

ಅವನ ಹೆಂಡತಿಗೆ ಅನುಕಂಪದ ಮೇಲೆ ಕೆಲಸ ಸಿಕ್ಕಿತು. ಎಲ್ಲಿ? ಗ್ಯಾಂಗಿನಲ್ಲೇ, ಅದೇ ಸೆಕ್ಷನ್ನಿನಲ್ಲಿ. ನಾನು 2021ರಲ್ಲಿ ಅದಲಾಬದಲಿ ವರ್ಗಾವಣೆ ತಗೊಂಡು ಊರಿಗೆ ಹೊರಡುವ ಮುಂಚೆ ಒಂದು ಬೆಳಿಗ್ಗೆ ಅವಳು ಖಡಿ ತುಂಬುತ್ತಿದ್ದದ್ದನ್ನು ನೋಡಿದೆ. ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೀಟು. ಥಂಡಿ ಕೊರೀತಿತ್ತು. ಕಿವಿಗೆ ಏನೂ ಕಟ್ಟಿರಲಿಲ್ಲ. "ಭಾಭಿ, ತಲೆಗೆ ಏನಾದರೂ ಸುತ್ತಿಕೋ" ಅಂದೆ. ಅವಳು ನನ್ನನ್ನು ನೋಡಿ, "ಸುತ್ತಿಕೊಂಡರೆ ಏನು ಬರೀತಾರೆ ಗೊತ್ತಲ್ಲ ಭಯ್ಯಾ" ಅಂದಳು. ಕಾಗದದ ಕೆಳಗೆ ಯಾರ ಸಹಿ ಇದೆ ಅನ್ನೋದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಭಯ್ಯಾ ಅಂದಳು.

ಈಗ ನಾನು ನಮ್ಮ ಬಿಸಿಲಿನಲ್ಲಿದ್ದೇನೆ. ಅಪ್ಪ ಇಲ್ಲ. ಒಂದು ರೈಲು ಇನ್ನೊಂದಕ್ಕೆ ಗುದ್ದದ ಹಾಗೆ ತಡೆಯುವ ಕವಚ್ ಅನ್ನೋ ಏರ್ಪಾಡನ್ನು ಮೊದಲು ಪರೀಕ್ಷೆ ಮಾಡಿದ್ದು ಇದೇ ನಮ್ಮ ವಾಡಿ, ವಿಕಾರಾಬಾದ್, ಬೀದರ ಕಡೆಯ ಹಳಿಗಳ ಮೇಲೆ. 2016ರಲ್ಲೇ ಪ್ರಯಾಣಿಕರ ರೈಲಿನಲ್ಲಿ ಅದನ್ನು ಇಟ್ಟು ನೋಡಿದರು. ಮಂಜಿನಲ್ಲಿ ಅದು ಇಂಜಿನ್ನಿನೊಳಗೇ ಸಿಗ್ನಲ್ ತೋರಿಸ್ತದೆ. ಕವಚ ಅಂದರೆ ಯುದ್ಧದಲ್ಲಿ ಮೈಗೆ ತೊಡುವುದು. ರೈಲಿನ ಮೈಗೆ ಅದು ಬಂತು. ಹಳಿಯ ಮೇಲಿನ ಮೈಗೆ ಯಾವಾಗ? ರೈಲು ಹತ್ತಿರ ಬಂದರೆ ಗ್ಯಾಂಗಿನವನ ಮೈಮೇಲೆ ಸದ್ದು ಮಾಡುವ ರಕ್ಷಕ್ ಅನ್ನೋ ಸಾಧನವೂ ಇದೆ. ಕೆಲವು ಕಡೆ ಕೊಟ್ಟಿದ್ದಾರೆ. ಎಲ್ಲ ಕಡೆ, ಎಲ್ಲರ ಮೈಮೇಲೂ ಅದು ಬರಬೇಕು. ಜಾಕೀಟು ನವೆಂಬರಿಗೆ ಮುಂಚೆ ಬರಬೇಕು. ಲುಕ್‌ಔಟ್‌ಮನ್ ಇಲ್ಲದೆ ಮಂಜಿನಲ್ಲಿ ಸ್ಪ್ಯಾನರ್ ಎತ್ತೋದಿಲ್ಲ ಅನ್ನುವ ಹಕ್ಕು ಗ್ಯಾಂಗಿಗೆ ಇರಬೇಕು. ಸಾವಿನ ವಿಚಾರಣೆಯಲ್ಲಿ ಗ್ಯಾಂಗಿನವರೇ ಆರಿಸಿದ ಒಬ್ಬ ಕೂರಬೇಕು. ಇವು ದೊಡ್ಡ ಬೇಡಿಕೆಗಳಲ್ಲ. ಪಾಯಖಾನೆಯ ಟಾಂಕಿಗೆ ಹಚ್ಚಿದ ಬುದ್ಧಿಯಲ್ಲಿ ಕಾಲು ಭಾಗ ಸಾಕು.

ಡಿಸೆಂಬರ್ ಬಂದರೆ ಉತ್ತರದ ರೈಲುಗಳು ವಾಡಿಗೆ ತಡವಾಗಿ ಬರ್ತವೆ. ಪ್ಲಾಟ್‌ಫಾರಮ್ಮಿನಲ್ಲಿ ಜನ ಗಡಿಯಾರ ನೋಡಿ ಬೈತಾರೆ. ಬೈಯಲಿ. ತಡವಾಗಿಯಾದರೂ ಬಂತು ಅಂದರೆ ಹಿಂದಿನ ರಾತ್ರಿ ಎಲ್ಲೋ ಒಬ್ಬ ಮಫ್ಲರ್ ಸರಿಸಿ ಕಿವಿ ತೆರೆದು ನಿಂತಿದ್ದ ಅನ್ನೋದು ನನಗೆ ಗೊತ್ತು.

ಒಂದು ಕೆಲಸ ಬಾಕಿ ಇದೆ. ಅದನ್ನು ಇಲ್ಲಿ ಮುಗಿಸ್ತೇನೆ. 2017ರ ಜನವರಿಯ ಆ ಬೆಳಿಗ್ಗೆ ಲುಕ್‌ಔಟ್‌ಮನ್ ಇರಲಿಲ್ಲ. ಸೀಟಿ ಯಾರೂ ಊದಲಿಲ್ಲ. ನನ್ನ ಗೆಳೆಯ ಕಿವಿಗೆ ಮಫ್ಲರ್ ಸುತ್ತಿದ್ದು ಥಂಡಿ ಇತ್ತು ಅಂತ. ಇದಕ್ಕೂ ನನ್ನ ಸಹಿ ಇದೆ.